ಜ್ವರ ಬಿಟ್ಟು ಮೂರು ವಾರಕ್ಕೆ ಕುತ್ತಿಗೆ ನೋವು, ಸ್ಕ್ಯಾನಿಂಗ್‌ನಲ್ಲಿ ಕಪ್ಪು ಜಾಗ: ವೈರಸ್‌ನಿಂದ ಥೈರಾಯ್ಡ್ ಕ್ಯಾನ್ಸರ್ ಬರುತ್ತಾ?

ಹಾಸನದ ಟೀಚರ್

ಎಲ್ರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ. ನನಗೆ 41 ವರ್ಷ, ಹೈಸ್ಕೂಲಲ್ಲಿ ಪಾಠ ಮಾಡ್ತೀನಿ. ಜುಲೈ ಮೊದಲ ವಾರ ಮನೇಲಿ ಎಲ್ರಿಗೂ ಶೀತ ಜ್ವರ, ಮಗನಿಂದ ನನಗೆ, ನನ್ನಿಂದ ಅತ್ತೆಗೆ, ನಾಲ್ಕೈದು ದಿನದಲ್ಲಿ ಎಲ್ರೂ ಎದ್ದು ಓಡಾಡಿದ್ವಿ. ಅದಾಗಿ ಮೂರು ವಾರಕ್ಕೆ ಕುತ್ತಿಗೆ ಮುಂದೆ ಬಲಗಡೆ ನೋವು ಶುರು ಆಯ್ತು, ಮಲಗಿದ್ದು ಸರಿ ಇಲ್ಲ ಅಂದ್ಕೊಂಡೆ, ಆಮೇಲೆ ನೋವು ದವಡೆಗೆ ಹತ್ತಿ ಕಿವಿವರೆಗೂ ಹೋಯ್ತು. ಹಲ್ಲಿನ ಡಾಕ್ಟ್ರು ಹಲ್ಲು ಚೆನ್ನಾಗಿದೆ ಅಂದ್ರು, ಕಿವಿ ಡಾಕ್ಟ್ರು ಎರಡು ಕೋರ್ಸ್ ಆಂಟಿಬಯಾಟಿಕ್ ಕೊಟ್ರು, ಏನೂ ಪ್ರಯೋಜನ ಆಗಲಿಲ್ಲ. ಸಂಜೆ ಆದ್ರೆ ಜ್ವರ, ಉಗುಳು ನುಂಗೋಕೂ ಕಷ್ಟ. ಮಾಂಗಲ್ಯದ ಸರ ತಾಗಿದ್ರೂ ನೋವು ಅಂತ ತೆಗೆದಿಟ್ಟೆ, ಅದಕ್ಕೆ ಅತ್ತೆ ಎರಡು ದಿನ ಮಾತಾಡಲಿಲ್ಲ. ಕ್ಲಾಸಲ್ಲಿ ಹಾಜರಿ ಕೂಗೋಕೆ ಆಗದೆ ಮಕ್ಕಳ ಕೈಲೇ ಕೂಗಿಸ್ತಿದ್ದೆ. ಬೋರ್ಡ್ ಮೇಲೆ ಬರೆಯೋವಾಗ ಕೈ ನಡುಗಿ ಅಕ್ಷರ ಸೊಟ್ಟ ಬರ್ತಿತ್ತು, ಎದೆ ಡವಡವ, ಒಂದು ತಿಂಗಳಲ್ಲಿ ಐದು ಕೆಜಿ ಇಳಿದೆ.

ಕೊನೆಗೆ ರಕ್ತ ಪರೀಕ್ಷೆ ಮಾಡಿದಾಗ ಟಿಎಸ್‌ಎಚ್ 0.02 (ಥೈರಾಯ್ಡ್ ಹಾರ್ಮೋನ್ ಜಾಸ್ತಿ ಆದ್ರೆ ಇದು ಇಳಿಯುತ್ತೆ, ಕಮ್ಮಿ ಆದ್ರೆ ಏರುತ್ತೆ), ಮೈಯಲ್ಲಿ ಊತ ಇದ್ರೆ ಏರೋ ಇಎಸ್‌ಆರ್ 84. ಇಲ್ಲಿನ ಒಬ್ಬ ಡಾಕ್ಟ್ರು ಥೈರಾಯ್ಡ್ ಜಾಸ್ತಿ ಆಗಿದೆ ಅಂತ ಅದನ್ನ ತಗ್ಗಿಸೋ ಕಾರ್ಬಿಮಾಜೋಲ್ ಮಾತ್ರೆ ಬರೆದು ಸ್ಕ್ಯಾನಿಂಗ್‌ಗೆ ಕಳಿಸಿದ್ರು. ಬಲಭಾಗದಲ್ಲಿ 2.1 ಸೆಂಟಿಮೀಟರ್‌ನ, ಅಂಚು ಸ್ಪಷ್ಟ ಇಲ್ಲದ ಕಪ್ಪು ಜಾಗ ಇದೆ, ಅನುಮಾನಾಸ್ಪದ, ಸೂಜಿ ಪರೀಕ್ಷೆ ಮಾಡಿಸಿ ಅಂತ ರಿಪೋರ್ಟ್ ಬಂದಿದೆ. ಅದನ್ನ ನೋಡಿ ನಮ್ಮ ನಾದಿನಿ ಒಂದು ವಿಡಿಯೋ ಕಳಿಸಿದ್ಲು, ವೈರಸ್ಸು ಥೈರಾಯ್ಡ್ ಒಳಗೆ ಕೂತ್ಕೊಂಡು ಕ್ಯಾನ್ಸರ್ ಮಾಡುತ್ತೆ, ಕ್ಯಾನ್ಸರ್ ಗಂಟಿನಲ್ಲೇ ವೈರಸ್ ಸಿಕ್ಕಿದೆ ಅಂತ ಅದರಲ್ಲಿ ಹೇಳ್ತಾರೆ. ಅವತ್ತಿಂದ ನಿದ್ದೆ ಇಲ್ಲ. ಮಗ ಶೀತ ತಂದಿದ್ದಕ್ಕೆ ನನಗೆ ಹೀಗಾಯ್ತಾ ಅನ್ನೋ ಯೋಚನೆ ಬಂದು, ಆ ಯೋಚನೆ ಬಂತಲ್ಲ ಅಂತಾನೇ ಅಳು ಬರುತ್ತೆ. ಗೊತ್ತಿರೋರು ಹೇಳಿ.

ಧಾರವಾಡದಾಂವ

ಅಕ್ಕಾರ, ಮೊದಲ ಧೈರ್ಯಾ ತಗೋರಿ. ನೀವು ಬರದಿದ್ದು ಓದಿದ್ರ ನಮ್ಮ ಮನಿಯಾಕಿ ಕತಿನ ಓದಿದಂಗ ಆತು. 2021ರಾಗ ಆಕಿಗೆ ಕೊರೊನಾ ಬಂದು ಹೋಗಿ ಒಂದು ತಿಂಗಳಿಗೆ ಹಿಂಗ ಕುತ್ತಿಗಿ ನೋವು, ಕಿವಿ ನೋವು, ಸಂಜೀಕ ಜ್ವರ. ರೊಟ್ಟಿ ನುಂಗಾಕ ಆಗ್ತಿದ್ದಿಲ್ಲ, ಹಾಲಿನಾಗ ನೆನಸಿ ಕೊಡತಿದ್ವಿ. ನಾಕ ಡಾಕ್ಟರ್ ಆದಮ್ಯಾಲೆ ಐದನೇದವ್ರು, ಥೈರಾಯ್ಡ್ ಸ್ಪೆಷಲಿಸ್ಟ್, ಕುತ್ತಿಗಿಗೆ ಬಟ್ಟ ಹಚ್ಚಿದ್ದ ತಡಾ ಆಕಿ ಚೀರಿದ್ಲು, ಅವ್ರು ಅಲ್ಲೇ ಹೇಳಿದ್ರು, ಇದು ಡಿ ಕ್ವೆರ್ವೇನ್ ಥೈರಾಯ್ಡೈಟಿಸ್, ಅಂದ್ರ ನೋವಿನ ಥೈರಾಯ್ಡ್ ಊತ ಅಂತ. ಸ್ಟೀರಾಯ್ಡ್ ಗುಳಗಿ ಕೊಟ್ರು. ಮರುದಿನಾ ಮುಂಜಾನೆ ಎದ್ದು ತಾನ ಚಾ ಮಾಡಿ ಕುಡದ್ಲು. ನಾವು ಒಂದ ತಪ್ಪ ಮಾಡಿದ್ವಿ, ಆರಾಮ ಆತಲ್ಲ ಅಂತ ಹತ್ತ ದಿನಕ್ಕ ಗುಳಗಿ ಬಿಡಿಸಿದ್ವಿ, ನೋವು ಎಡಗಡೆ ಎದ್ದು ಬಂತು. ಆಮ್ಯಾಲೆ ಅವ್ರು ಹೇಳಿದಂಗ ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ಕೋತ ಎರಡು ತಿಂಗಳು ತಗೊಂಡ್ಲು. ನಿಮ್ಮ ಇಎಸ್‌ಆರ್ ನೋಡಿದ್ರ ನನಗ ಅದ ಅನಸ್ತದ. ಒಮ್ಮೆ ಎಂಡೋಕ್ರೈನ್, ಅಂದ್ರ ಹಾರ್ಮೋನ್ ಡಾಕ್ಟರ್ ಕಡೆ ಹೋಗ್ರಿ, ತಡಾ ಮಾಡಬ್ಯಾಡ್ರಿ.

ಮೈಸೂರು ಮೈಕ್ರೋಬಯಾಲಜಿ

ಟೀಚರ್ ಮೇಡಂ, ನಾನು ಡಾಕ್ಟರ್ ಅಲ್ಲ, ಇಪ್ಪತ್ತು ವರ್ಷದಿಂದ ವೈರಾಲಜಿ ಲ್ಯಾಬಲ್ಲಿ ಕೆಲಸ. ಔಷಧಿ ವಿಷಯ ಸ್ಪೆಷಲಿಸ್ಟ್ ಹೇಳಬೇಕು, ವೈರಸ್ ವಿಷಯ ನನಗೆ ಗೊತ್ತಿದ್ದಷ್ಟು ಬರೀತೀನಿ.

ಧಾರವಾಡದ ಅಣ್ಣ ಹೇಳಿದ ಕಾಯಿಲೆ ಹೊಸದಲ್ಲ. ಸ್ವಿಟ್ಜರ್ಲೆಂಡಿನ ಫ್ರಿಟ್ಜ್ ಡಿ ಕ್ವೆರ್ವೇನ್ ಅನ್ನೋ ಸರ್ಜನ್ 1904ರಲ್ಲೇ ಇದನ್ನ ಬೇರೆ ಕಾಯಿಲೆ ಅಂತ ವಿವರವಾಗಿ ಬರೆದ್ರು. ಸಾಮಾನ್ಯವಾಗಿ ಶೀತ ಜ್ವರ ಬಂದು ಎರಡರಿಂದ ಎಂಟು ವಾರಕ್ಕೆ ಕಾಣಿಸುತ್ತೆ, ಹೆಂಗಸರಿಗೆ ಗಂಡಸರಿಗಿಂತ ಹಲವು ಪಟ್ಟು ಜಾಸ್ತಿ, ನಲವತ್ತು ಐವತ್ತರ ವಯಸ್ಸಲ್ಲಿ ಹೆಚ್ಚು. ಇದಕ್ಕೂ ವೈರಸ್ಸಿಗೂ ಸಂಬಂಧ ಇದೆ ಅನ್ನೋಕೆ ಹಳೇ ಸಾಕ್ಷಿ ಮಂಗನಬಾವಿಂದು. ಇಸ್ರೇಲಿನಲ್ಲಿ ಮಂಗನಬಾವು ಹಬ್ಬಿದ ಕಾಲದಲ್ಲೇ ಈ ಥೈರಾಯ್ಡ್ ಊತದ ಕೇಸ್‌ಗಳೂ ಒಟ್ಟಿಗೆ ಬಂದ್ವು ಅಂತ 1957ರಲ್ಲಿ ಲ್ಯಾನ್ಸೆಟ್‌ನಲ್ಲಿ ವರದಿ ಆಗಿದೆ. ಇತ್ತೀಚಿನದು ಕೊರೊನಾ, 2020ರಲ್ಲಿ ಇಟಲಿಯ ಪೀಸಾದಿಂದ 18 ವರ್ಷದ ಹುಡುಗಿಯ ಕೇಸ್ ಮೊದಲು ಬಂತು, ಆಮೇಲೆ ನಮ್ಮ ದೇಶವೂ ಸೇರಿ ಎಲ್ಲ ಕಡೆಯಿಂದ ಬಂದ್ವು. ಡೆಂಗ್ಯೂ ಆದ್ಮೇಲೆ ಬಂದ ಕೇಸ್‌ಗಳೂ ವರದಿ ಆಗಿವೆ. ಆದ್ರೆ ಒಂದು ಮಾತು, ಇಷ್ಟೆಲ್ಲ ಇದ್ರೂ ಗ್ರಂಥಿಯೊಳಗಿಂದ ಜೀವಂತ ವೈರಸ್ ತೆಗೆದು ತೋರಿಸಿದ್ದು ತೀರಾ ಅಪರೂಪ. ಜ್ವರದ ವೈರಸ್ ಬಂದು ಹೋದ್ಮೇಲೆ ನಮ್ಮದೇ ರೋಗನಿರೋಧಕ ಜೀವಕೋಶಗಳು ಥೈರಾಯ್ಡ್ ಜೀವಕೋಶಗಳ ಮೇಲೆ ಬೀಳ್ತವೆ ಅನ್ನೋದು ಹೆಚ್ಚು ಒಪ್ಪಿತ ವಿವರಣೆ. ಎಚ್‌ಎಲ್‌ಎ ಬಿ35 ಅನ್ನೋ ಒಂದು ಜೀನ್ ಮಾದರಿ ಇರೋರಿಗೆ ಇದರ ಸಾಧ್ಯತೆ ಜಾಸ್ತಿ, ಅದಕ್ಕೇ ಒಂದೇ ಮನೇಲಿ ಮೂರು ಜನಕ್ಕೆ ಅದೇ ಶೀತ ಬಂದ್ರೂ ಒಬ್ಬರಿಗೆ ಮಾತ್ರ ಕುತ್ತಿಗೆ ಊದಿಕೊಳ್ಳಬಹುದು. ನಿಮ್ಮ ಮಗನ ತಪ್ಪು ಇದರಲ್ಲಿ ಏನೇನೂ ಇಲ್ಲ ಮೇಡಂ, ಶಾಲೆಗೆ ಹೋಗೋ ಮಗು ಶೀತ ತರದೆ ಇರೋಕಾಗುತ್ತಾ.

ಕಾರ್ಬಿಮಾಜೋಲ್ ಬೇಕಾ ಅಂತ ಸ್ಪೆಷಲಿಸ್ಟ್ ಹತ್ರ ಬೇಗ ಕೇಳಿ. ಯಾಕೆ ಅಂದ್ರೆ, ಈ ಕಾಯಿಲೇಲಿ ಗ್ರಂಥಿ ಹಾರ್ಮೋನ್ ಜಾಸ್ತಿ ತಯಾರು ಮಾಡ್ತಾ ಇರೋದಿಲ್ಲ. ಹೊಲದಲ್ಲಿ ಬೆಳೆ ಹೆಚ್ಚಾಗಿಲ್ಲ, ಕಣಜ ಒಡೆದು ಮೊದಲೇ ಕೂಡಿಟ್ಟಿದ್ದ ಕಾಳು ಚೆಲ್ಲಿದೆ, ಅಷ್ಟೇ. ತಯಾರಿ ನಿಲ್ಲಿಸೋ ಮಾತ್ರೆ ಅಲ್ಲಿ ಏನು ಮಾಡುತ್ತೆ? ಟೆಕ್ನೀಷಿಯಂ ಅನ್ನೋ ವಿಕಿರಣ ವಸ್ತು ಕೊಟ್ಟು ಸ್ಕ್ಯಾನ್ ಮಾಡಿದ್ರೆ, ಹಾರ್ಮೋನ್ ನಿಜವಾಗ್ಲೂ ಜಾಸ್ತಿ ತಯಾರಾಗೋ ಗ್ರೇವ್ಸ್ ಕಾಯಿಲೇಲಿ ಗ್ರಂಥಿ ಉರಿಯೋ ದೀಪದ ಹಾಗೆ ಕಾಣುತ್ತೆ, ಇದರಲ್ಲಿ ಹೆಚ್ಚುಕಮ್ಮಿ ಕಾಣೋದೇ ಇಲ್ಲ. ಆದ್ರೆ ನನ್ನ ಮಾತು ಕೇಳಿ ಮಾತ್ರೆ ನಿಲ್ಲಿಸಬೇಡಿ, ಸ್ಪೆಷಲಿಸ್ಟ್ ನಿಲ್ಲಿಸಲಿ. ಆ ಮಾತ್ರೆ ತಗೊಳ್ಳೋವಾಗ ಜೋರು ಜ್ವರ, ಗಂಟಲು ಕೆರೆತ, ಬಾಯಿ ಹುಣ್ಣು ಬಂದ್ರೆ ಮಾತ್ರ ಅದೇ ದಿನ ತೋರಿಸಿ ಬಿಳಿ ರಕ್ತಕಣ ಎಣಿಸ್ಲೇಬೇಕು, ಅಪರೂಪಕ್ಕೆ ತೀರಾ ಕಮ್ಮಿ ಆಗುತ್ತೆ.

ಹಾಸನದ ಟೀಚರ್

ಸರ್, ಅಣ್ಣ, ಇಬ್ರಿಗೂ ಕೈಮುಗಿದೆ. ಕಣಜದ ಮಾತು ನಮ್ಮ ಮನೆಯವರಿಗೆ ಓದಿ ಹೇಳಿದೆ, ಈಗ ಅರ್ಥ ಆಯ್ತು ಅಂದ್ರು. ಗುರುವಾರ ಬೆಂಗಳೂರಲ್ಲಿ ಎಂಡೋಕ್ರೈನ್ ಡಾಕ್ಟ್ರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಆದ್ರೆ ಕ್ಯಾನ್ಸರ್ ಪ್ರಶ್ನೆ ಹಾಗೇ ಇದೆ ಸರ್. ಗಂಟಿನಲ್ಲಿ ವೈರಸ್ ಸಿಕ್ಕಿದ್ದು ಸುಳ್ಳಾ?

ಮೈಸೂರು ಮೈಕ್ರೋಬಯಾಲಜಿ

ಸುಳ್ಳಲ್ಲ ಮೇಡಂ. ಸಿಕ್ಕಿದೆ. ಸಿಕ್ಕಿದ್ದಕ್ಕೆ ಏನರ್ಥ ಅನ್ನೋದರಲ್ಲಿ ವಿಡಿಯೋದವರು ದಾರಿ ತಪ್ಪಿಸಿದ್ದಾರೆ. ಇದನ್ನ ನಿಧಾನಕ್ಕೆ ಹೇಳ್ತೀನಿ, ಯಾಕಂದ್ರೆ ನಮ್ಮ ಕೆಲಸದಲ್ಲಿ ದಿನಾ ಎದುರಾಗೋ ಪ್ರಶ್ನೆ ಇದೇ.

ವೈರಸ್ಸಿನಿಂದ ಕ್ಯಾನ್ಸರ್ ಬರುತ್ತೆ ಅನ್ನೋದು ನಿಜ. 1911ರಲ್ಲಿ ಪೇಟನ್ ರೌಸ್ ಕೋಳಿ ಗೆಡ್ಡೆಯಲ್ಲಿ ತೋರಿಸಿದ್ರು, ಜನ ಒಪ್ಪಿ ನೊಬೆಲ್ ಕೊಡೋಕೆ 1966 ಬರಬೇಕಾಯ್ತು. ಹೆಪಟೈಟಿಸ್ ಬಿ, ಸಿ ವೈರಸ್‌ಗಳಿಂದ ಲಿವರ್ ಕ್ಯಾನ್ಸರ್, ಎಪ್‌ಸ್ಟೈನ್ ಬಾರ್ ವೈರಸ್ಸಿನಿಂದ ಲಿಂಫೋಮಾ ಅನ್ನೋ ಬಿಳಿ ರಕ್ತಕಣದ ಕ್ಯಾನ್ಸರ್‌ಗಳಲ್ಲಿ ಕೆಲವು, ಎಚ್‌ಪಿವಿಯಿಂದ ಗರ್ಭಕೊರಳಿನ ಕ್ಯಾನ್ಸರ್. ಎಚ್‌ಪಿವಿ ವಿಷಯ ಹೇಗೆ ಸಾಬೀತಾಯ್ತು ನೋಡಿ. ಮೊದಲು, ಹೆಚ್ಚುಕಮ್ಮಿ ಪ್ರತಿ ಗೆಡ್ಡೆಯಲ್ಲೂ ಆ ವೈರಸ್ ಸಿಗ್ತು, ಅಲ್ಲೊಂದು ಇಲ್ಲೊಂದರಲ್ಲಿ ಅಲ್ಲ. ಅದರ ಡಿಎನ್‌ಎ ಎಷ್ಟೋ ಗೆಡ್ಡೆಗಳಲ್ಲಿ ನಮ್ಮ ಜೀವಕೋಶದ ಡಿಎನ್‌ಎಗೇ ಹೊಲಿದುಕೊಂಡಿತ್ತು. ಅದರ ಇ6, ಇ7 ಅನ್ನೋ ಎರಡು ಪ್ರೋಟೀನ್‌ಗಳು ಜೀವಕೋಶವನ್ನ ಅಂಕೆಯಲ್ಲಿಡೋ ಪಿ53, ಆರ್‌ಬಿ ಅನ್ನೋ ನಮ್ಮ ಪ್ರೋಟೀನ್ ಎರಡನ್ನೂ ಕೆಡಿಸ್ತವೆ ಅಂತ ಗೊತ್ತಾಯ್ತು. ಕೊನೆಗೆ ಲಸಿಕೆ ಬಂತು, ಇಂಗ್ಲೆಂಡಿನಲ್ಲಿ 12–13ನೇ ವಯಸ್ಸಿಗೆ ಲಸಿಕೆ ಸಿಕ್ಕ ಹುಡುಗಿಯರ ಪೀಳಿಗೆಯಲ್ಲಿ ಆ ಕ್ಯಾನ್ಸರ್ ಶೇ 87ರಷ್ಟು ಕಮ್ಮಿ ಆಯ್ತು ಅಂತ 2021ರಲ್ಲಿ ಲೆಕ್ಕ ಬಂತು. ವೈರಸ್ ತಡೆದ್ರೆ ಕ್ಯಾನ್ಸರ್ ನಿಲ್ತು, ಇನ್ನೇನು ಸಾಕ್ಷಿ ಬೇಕು. ಹರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಿಕ್ಕಿದ್ದು ಈ ವೈರಸ್ಸನ್ನ ಹಿಡಿದಿದ್ದಕ್ಕೇ.

ಈಗ ಥೈರಾಯ್ಡ್‌ಗೆ ಬನ್ನಿ. ಪಾರ್ವೋ ಬಿ19 ಅಂತ ಒಂದು ವೈರಸ್ ಇದೆ, ಮಕ್ಕಳಿಗೆ ಕೆನ್ನೆಗೆ ಹೊಡೆದ ಹಾಗೆ ಕೆಂಪಾಗುತ್ತಲ್ಲ, ಅದು. ಥೈರಾಯ್ಡ್ ಕ್ಯಾನ್ಸರ್ ಗಂಟಿನಲ್ಲಿ ಅದರ ಡಿಎನ್‌ಎ ಸಿಕ್ತು ಅಂತ ಪೇಪರ್‌ಗಳಿವೆ. ಆದ್ರೆ ಅದು ಕ್ಯಾನ್ಸರ್ ಇಲ್ಲದ ಥೈರಾಯ್ಡಲ್ಲೂ ಸಿಗುತ್ತೆ, ಚರ್ಮದಲ್ಲಿ ಸಿಗುತ್ತೆ, ಕೀಲಿನ ಪೊರೇಲೂ ಸಿಗುತ್ತೆ. ಚಿಕ್ಕಂದಿನಲ್ಲಿ ಬಂದು ಹೋದ ಸೋಂಕಿನ ಗುರುತು ಅದು, ಜೀವನಪೂರ್ತಿ ಉಳಿಯುತ್ತೆ. ಒಂದು ಮನೇಲಿ ಕಳ್ಳತನ ಆಯ್ತು, ಅಂಗಳದಲ್ಲಿ ಹಾಲಿನವನ ಹೆಜ್ಜೆ ಗುರುತು ಸಿಕ್ತು ಅಂತ ಅವನನ್ನ ಹಿಡಿದ ಹಾಗೆ ಆಗುತ್ತೆ ಇದು. ಬೀದೀಲಿ ಎಲ್ಲರ ಅಂಗಳದಲ್ಲೂ ಅವನ ಹೆಜ್ಜೆ ಇದ್ದೇ ಇದೆ. ವೈರಸ್ಸಿನ ಡಿಎನ್‌ಎ ಹುಡುಕೋ ನಮ್ಮ ಪಿಸಿಆರ್ ಯಂತ್ರಗಳು ಎಷ್ಟು ಸೂಕ್ಷ್ಮ ಅಂದ್ರೆ, ಪಕ್ಕದ ಟ್ಯೂಬಿಂದ ಕಣ್ಣಿಗೆ ಕಾಣದಷ್ಟು ಹನಿ ಹಾರಿದ್ರೂ ಪಾಸಿಟಿವ್ ತೋರಿಸ್ತವೆ. ನಾನೇ ಒಮ್ಮೆ ಒಂದು ವಾರದ ಕೆಲಸ ಪೂರ್ತಿ ಎಸೆದು ಮತ್ತೆ ಮೊದಲಿಂದ ಮಾಡಿದ್ದೀನಿ, ಬರೀ ನೀರು ಹಾಕಿದ್ದ ಟ್ಯೂಬೂ ಪಾಸಿಟಿವ್ ಬಂದಿತ್ತು ಅಂತ.

ಹಾಗಿದ್ರೆ ಥೈರಾಯ್ಡ್ ಕ್ಯಾನ್ಸರ್ ಗಂಟಿನಲ್ಲಿ ನಿಜವಾಗ್ಲೂ ಏನಿದೆ ಅಂತ ನೋಡಿದೋರು ಇದ್ದಾರೆ. ಅತಿ ಸಾಮಾನ್ಯವಾದ ಪ್ಯಾಪಿಲರಿ ಮಾದರಿಯ 496 ಗೆಡ್ಡೆಗಳ ಜೀನ್‌ಗಳನ್ನ ಪೂರ್ತಿ ಓದಿ 2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆಯವರು ಪ್ರಕಟ ಮಾಡಿದ್ರು. ಸುಮಾರು ಶೇ 60ರಲ್ಲಿ ಬಿ-ರಾಫ್ ಅನ್ನೋ ಒಂದೇ ಜೀನಿನಲ್ಲಿ ಬದಲಾವಣೆ, ಉಳಿದವುಗಳಲ್ಲಿ ರಾಸ್ ಜೀನ್ ಬದಲಾವಣೆ, ಆರ್‌ಇಟಿ ತರದ ಜೀನ್‌ಗಳು ಕತ್ತರಿಸಿ ತಪ್ಪು ಜಾಗಕ್ಕೆ ಅಂಟಿಕೊಂಡಿದ್ದು. ಮುಂಚೆ ನಾಲ್ಕರಲ್ಲಿ ಒಂದು ಗೆಡ್ಡೆಗೆ ಯಾವ ಜೀನ್ ಕಾರಣ ಅಂತಾನೇ ತಿಳಿದಿರಲಿಲ್ಲ, ಇದಾದ್ಮೇಲೆ ಅದು ಶೇ 3.5ಕ್ಕೆ ಇಳೀತು. ವೈರಸ್ಸು ಬಂದು ಕೂತು ಗೆಡ್ಡೆ ಬೆಳೆಸ್ತು ಅನ್ನೋಕೆ ಅಲ್ಲಿ ಜಾಗಾನೇ ಬಹಳ ಕಮ್ಮಿ. ವೈರಸ್ ಹುಡುಕೋ ಕೆಲಸ ಇನ್ನೂ ನಡೀತಿದೆ, ನಡೀಬೇಕು, ಆದ್ರೆ ಇವತ್ತಿನ ತನಕ ಥೈರಾಯ್ಡ್ ಕ್ಯಾನ್ಸರಿಗೆ ಕಾರಣ ಅಂತ ಒಂದೇ ಒಂದು ವೈರಸ್ಸೂ ಸಾಬೀತಾಗಿಲ್ಲ.

ಕಡಲತಡಿ

ಮೇಡಂ, ನಾನು ಮಂಗಳೂರಿನವಳು. ನನಗೆ ಪ್ಯಾಪಿಲರಿ ಕ್ಯಾನ್ಸರೇ ಆಗಿದ್ದು, ಆಪರೇಷನ್ ಆಗಿ ಆರು ವರ್ಷ ಆಯ್ತು. ನಿಮ್ಮ ಹೆದರಿಕೆ ಎಂತದ್ದು ಅಂತ ನಂಗೆ ಚೆನ್ನಾಗಿ ಗೊತ್ತುಂಟು.

ನನಗೆ ಅದರ ಹಿಂದಿನ ವರ್ಷ ಡೆಂಗ್ಯೂ ಬಂದಿತ್ತು. ಡೆಂಗ್ಯೂದಿಂದಲೇ ಆದದ್ದು ಅಂತ ತಲೇಲಿ ಗಟ್ಟಿ ಕೂತುಬಿಟ್ಟಿತ್ತು ಮಾರ್ರೆ, ಮನೆ ಹಿಂದಿನ ತೆಂಗಿನ ಚಿಪ್ಪಲ್ಲಿ ನೀರು ನಿಂತದ್ದನ್ನು ನಾನು ಮಗುಚಿ ಹಾಕ್ಲಿಲ್ಲ, ಸೊಳ್ಳೆ ಆಯ್ತು, ಡೆಂಗ್ಯೂ ಆಯ್ತು, ಈಗ ಇದು ಅಂತ ನನ್ನನ್ನು ನಾನೇ ಬೈಕೊಂಡದ್ದು ಎಷ್ಟು ದಿನ. ಸರ್ಜನ್ ಹತ್ರ ಕೇಳಿದೆ. ಅವ್ರು ಪೆನ್ನು ಕೆಳಗಿಟ್ಟು ಹೇಳಿದ್ರು, ಅಮ್ಮಾ ಈ ಗಂಟು ಡೆಂಗ್ಯೂಗಿಂತ ಎಷ್ಟೋ ಮುಂಚೆಯೇ ಶುರುವಾಗಿರ್ಬೇಕು, ನಿಧಾನಕ್ಕೆ ಬೆಳೆಯುವ ಜಾತಿ ಇದು ಅಂತ. ನಂಗೆ ಕ್ಯಾನ್ಸರ್ ಅಂತ ಹೇಳಿದ ದಿನಕ್ಕಿಂತ ಆ ದಿನ ಜಾಸ್ತಿ ಅತ್ತೆ, ಆದ್ರೆ ಹಗುರ ಆಯ್ತು.

ಇನ್ನೊಂದು ಹೇಳ್ಬೇಕು. ನನ್ನ ಗಂಟು ಒಂದು ದಿನವೂ ನೋವು ಮಾಡ್ಲಿಲ್ಲ. ಸೀರೆ ಅಂಗಡಿಯ ಕನ್ನಡಿ ಎದುರು ನಿಂತಾಗ ನೀರು ಕುಡಿದೆ, ಕುತ್ತಿಗೇಲಿ ಎಂತದೋ ಮೇಲೆ ಕೆಳಗೆ ಹೋದದ್ದು ಅಕ್ಕ ನೋಡಿದ್ದು, ಅಷ್ಟೇ. ಹೆಚ್ಚಿನ ಥೈರಾಯ್ಡ್ ಕ್ಯಾನ್ಸರ್ ಹಾಗೆಯೇ, ನೋವಿಲ್ಲದ ಗಂಟು, ಟಿಎಸ್‌ಎಚ್ ಕೂಡ ಸರಿಯೇ ಇರ್ತದೆ. ನಿಮ್ಮ ಹಾಗೆ ಮುಟ್ಟಿದ್ರೆ ಪ್ರಾಣ ಹೋಗುವ ನೋವು, ಜ್ವರ, ಇಎಸ್‌ಆರ್ ಏರಿದ್ದು ಊತದ ಲಕ್ಷಣ. ಆ ಊತದ ಜಾಗ ಸ್ಕ್ಯಾನಲ್ಲಿ ಕಪ್ಪಾಗಿ, ಅಂಚು ಇಲ್ಲದೆ, ಕ್ಯಾನ್ಸರ್ ಹಾಗೆಯೇ ಕಾಣ್ಲಿಕ್ಕೆ ಉಂಟು. ಸ್ಕ್ಯಾನ್ ಮಾಡುವವರಿಗೆ ನಿಮ್ಮ ಜ್ವರ, ನೋವಿನ ಕತೆ ಯಾರಾದ್ರೂ ಹೇಳಿದ್ರಾ? ಹೆಚ್ಚಾಗಿ ನೋವು ಇಳಿದು ಕೆಲವು ವಾರ ಬಿಟ್ಟು ಮತ್ತೆ ಸ್ಕ್ಯಾನ್ ಮಾಡಿ ನೋಡ್ತಾರೆ. ಆಗಲೂ ಹಾಗೇ ಉಳಿದಿದ್ರೆ ಸೂಜಿ ಹಾಕಿಸ್ಲೇಬೇಕು, ಬಿಡಬಾರದು. ಊತ ಆದವರಲ್ಲಿ ಬೇರೆ ಕಾರಣಕ್ಕೆ ಗಂಟು ಇರ್ಲಿಕ್ಕಿಲ್ಲ ಅಂತ ಏನಿಲ್ಲ ಅಲ್ವಾ.

ಥೈರಾಯ್ಡ್ ಕ್ಯಾನ್ಸರ್ ತರುವುದು ಗಟ್ಟಿಯಾಗಿ ಗೊತ್ತಿರುವುದು ವಿಕಿರಣ, ಅದೂ ಮಕ್ಕಳಿಗೆ. 1986ರ ಚೆರ್ನೋಬಿಲ್ ಅಣುಸ್ಥಾವರ ದುರಂತ ಆದ ಮೇಲೆ ವಿಕಿರಣ ಅಯೋಡಿನ್ ಬಿದ್ದ ಹುಲ್ಲು ತಿಂದ ದನಗಳ ಹಾಲು ಕುಡಿದ ಮಕ್ಕಳಿಗೆ ಬಂದದ್ದು. ನನಗೆ ಅದೂ ಇಲ್ಲ, ಇದೂ ಇಲ್ಲ, ಹಾಗೇ ಬಂತು.

ಹೊಸಬ ದಾವಣಗೆರೆ

ಎಲ್ಲಾ ಓದಿದೆ, ತುಂಬಾ ಉಪಯೋಗ ಆಯ್ತು. ನನ್ನ ಎರಡು ಪ್ರಶ್ನೆ. ನಮ್ಮ ಅಮ್ಮಂಗೆ ಹಾಶಿಮೊಟೊ ಇದೆ, ಟಿಎಸ್‌ಎಚ್ ಜಾಸ್ತಿ ಅಂತ ಮಾತ್ರೆ ತಗೋತಾರೆ, ಅದೂ ವೈರಸ್ಸಿಂದಾನಾ? ಇನ್ನೊಂದು, ಕೊರೊನಾ ಲಸಿಕೆ ಹಾಕಿಸ್ಕೊಂಡಿದ್ದಕ್ಕೇ ಎಲ್ರಿಗೂ ಥೈರಾಯ್ಡ್ ಬರ್ತಿದೆ ಅಂತ ನಮ್ಮ ಏರಿಯಾ ಗ್ರೂಪಲ್ಲಿ ದಿನಾ ಬರುತ್ತೆ. ಅಯೋಡಿನ್ ಡ್ರಾಪ್ಸ್ ಕುಡಿದ್ರೆ ವೈರಸ್ ಸಾಯುತ್ತೆ ಅಂತಾನೂ ಕಳಿಸ್ತಿದ್ದಾರೆ.

ಡಬ್ಲಿನ್ ನರ್ಸ್

ನಾನು ಶಿವಮೊಗ್ಗದವಳು, ಈಗ ಐರ್ಲೆಂಡಲ್ಲಿ ಎಂಡೋಕ್ರೈನ್ ಕ್ಲಿನಿಕ್ಕಲ್ಲಿ ಕೆಲಸ. ನೈಟ್ ಶಿಫ್ಟ್ ಮುಗಿಸಿ ಬಸ್ಸಲ್ಲಿ ಟೈಪ್ ಮಾಡ್ತಿದ್ದೀನಿ, ತಪ್ಪಿದ್ರೆ ಕ್ಷಮಿಸಿ.

ಅಯೋಡಿನ್ ಡ್ರಾಪ್ಸ್ ದಯವಿಟ್ಟು ಬೇಡ. ಗುಂಪಲ್ಲಿ ಕಳಿಸಿದೋರಿಗೂ ಹೇಳಿ. ನಾವು ತಿನ್ನೋ ಉಪ್ಪಲ್ಲೇ ಅಯೋಡಿನ್ ಇದೆ. ಅದರ ಮೇಲೆ ಸುರಿದ್ರೆ ಮೊದಲೇ ತೊಂದರೆ ಇರೋ ಗ್ರಂಥಿ ಇನ್ನೂ ಕೆಡುತ್ತೆ, ಕೆಲವರಿಗೆ ಏರುತ್ತೆ, ಕೆಲವರಿಗೆ ಬೀಳುತ್ತೆ.

ಹಾಶಿಮೊಟೊ ಬೇರೆ ಕಾಯಿಲೆ ಕಣಪ್ಪ. 1912ರಲ್ಲಿ ಹಕಾರು ಹಾಶಿಮೊಟೊ ಅನ್ನೋ ಜಪಾನಿ ಡಾಕ್ಟ್ರು ನಾಲ್ಕು ಹೆಂಗಸರ ಥೈರಾಯ್ಡ್ ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿದ್ದು. ನಮ್ಮ ದೇಹವೇ ನಮ್ಮ ಗ್ರಂಥಿಯನ್ನ ಪರಕೀಯ ಅಂತ ತಿಳಿದು ವರ್ಷಗಟ್ಟಲೆ ನಿಧಾನಕ್ಕೆ ತಿನ್ನುತ್ತೆ, ನೋವಿರಲ್ಲ. ವಂಶದಲ್ಲಿ ಬರೋದು ಬಹಳ. ವೈರಸ್ಸು ಕಿಡಿ ಹಚ್ಚುತ್ತಾ ಅನ್ನೋ ಚರ್ಚೆ ಇದೆ, ಎಪ್‌ಸ್ಟೈನ್ ಬಾರ್ ಮೇಲೆ ಅನುಮಾನ ಇದೆ, ಆದ್ರೆ ಆ ವೈರಸ್ ದೊಡ್ಡೋರಲ್ಲಿ ಹೆಚ್ಚುಕಮ್ಮಿ ಎಲ್ಲರ ಮೈಯಲ್ಲೂ ಇದೆ, ಮೈಸೂರು ಸರ್ ಹೇಳಿದ ಹಾಲಿನವನ ಹೆಜ್ಜೆ ಥರಾನೇ. ಗಟ್ಟಿ ಸಂಬಂಧ ಇರೋದು ಹೆಪಟೈಟಿಸ್ ಸಿ ಜೊತೆ, ಅದಿದ್ದೋರಿಗೆ ಥೈರಾಯ್ಡ್ ವಿರುದ್ಧದ ಆಂಟಿಬಾಡಿ ಜಾಸ್ತಿ, ಅದಕ್ಕೆ ಮುಂಚೆ ಕೊಡ್ತಿದ್ದ ಇಂಟರ್‌ಫೆರಾನ್ ಇಂಜೆಕ್ಷನ್ನಿಂದಲೂ ಥೈರಾಯ್ಡ್ ಕೆಡ್ತಿತ್ತು. ಅಮ್ಮಂಗೆ ಒಂದು ಹೇಳು, ಹಾಶಿಮೊಟೊ ಇರೋರಿಗೆ ಗಂಟಲ ಗಂಟು ವಾರ ವಾರಕ್ಕೆ ಬೇಗ ಬೇಗ ದೊಡ್ಡದಾದ್ರೆ, ದನಿ ಬದಲಾದ್ರೆ, ಕಾಯದೆ ತೋರಿಸ್ಬೇಕು. ಥೈರಾಯ್ಡ್ ಲಿಂಫೋಮಾ ಅನ್ನೋದು ತೀರಾ ಅಪರೂಪ, ಆದ್ರೆ ಬಂದ್ರೆ ಇವರಲ್ಲೇ ಬರೋದು ಹೆಚ್ಚು.

ಲಸಿಕೆ ಆದ್ಮೇಲೆ ಈ ನೋವಿನ ಥೈರಾಯ್ಡೈಟಿಸ್ ಬಂದ ಕೇಸ್‌ಗಳು ವರದಿ ಆಗಿವೆ, ಮುಚ್ಚಿಡೋದೇನಿಲ್ಲ, ಹೆಚ್ಚಿನವರು ವಾಸಿ ಆಗಿದ್ದಾರೆ. ಎಲ್ರಿಗೂ ಥೈರಾಯ್ಡ್ ಬಂದಿದ್ದು ಅದರಿಂದ ಅನ್ನೋದು ಮಾತ್ರ ತಪ್ಪು. ಬೆಂಗಳೂರೂ ಸೇರಿ ಎಂಟು ಊರಲ್ಲಿ ಐದು ಸಾವಿರಕ್ಕೂ ಮೀರಿ ಜನರನ್ನ ಪರೀಕ್ಷೆ ಮಾಡಿ 2013ರಲ್ಲೇ ಪ್ರಕಟ ಮಾಡಿದ್ರು, ಹತ್ತು ಜನರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನಕ್ಕೆ ಹೈಪೋಥೈರಾಯ್ಡ್, ಅಂದ್ರೆ ಥೈರಾಯ್ಡ್ ಕಮ್ಮಿ ಕೆಲಸ ಮಾಡೋ ತೊಂದರೆ, ಇತ್ತು. ಕೊರೊನಾ ಹೆಸರೇ ಯಾರೂ ಕೇಳಿರಲಿಲ್ಲ ಆಗ.

ಟೀಚರ್ ಅಕ್ಕ, ಕೂದಲು ಉದುರುತ್ತೆ ಅಂತ ಬಯೋಟಿನ್ ಮಾತ್ರೆ ತಗೊಳ್ತಿದ್ರೆ ರಕ್ತ ಕೊಡೋಕೆ ಎರಡು ದಿನ ಮುಂಚೆ ನಿಲ್ಲಿಸಿ, ಟಿಎಸ್‌ಎಚ್ ಸುಳ್ಳು ಲೆಕ್ಕ ತೋರಿಸುತ್ತೆ. ಎದೆ ಡವಡವಕ್ಕೆ ಪ್ರೊಪ್ರನಲಾಲ್ ಕೊಡಬಹುದು, ಆಸ್ತಮಾ ಇದ್ರೆ ಮೊದಲೇ ಹೇಳಿ.

ಮೈಸೂರು ಮೈಕ್ರೋಬಯಾಲಜಿ

ಟೀಚರ್ ಮೇಡಂ, ಒಂದು ಬಿಟ್ಟುಹೋಯ್ತು. ನಿಮ್ಮ ಹೈಸ್ಕೂಲ್ ಹುಡುಗಿಯರಿಗೆ 9ರಿಂದ 14 ವರ್ಷದೊಳಗೆ ಎಚ್‌ಪಿವಿ ಲಸಿಕೆ ಹಾಕಿಸಿದ್ರೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತೆ. ವೈರಸ್ಸಿಂದ ಕ್ಯಾನ್ಸರ್ ಬರೋದು ಸಾಬೀತಾಗಿರೋ ಜಾಗ ಅದು, ತಡೆಯೋಕೂ ಆಗೋ ಜಾಗ. ನಾದಿನಿಯವರಿಗೆ ಹೆಣ್ಣುಮಕ್ಕಳಿದ್ರೆ ಅವರಿಗೂ ಹೇಳಿ.

ಹಾಸನದ ಟೀಚರ್ (ಎರಡೂವರೆ ತಿಂಗಳ ನಂತರ)

ಎಲ್ರಿಗೂ ನಮಸ್ಕಾರ. ಬರೀತೀನಿ ಅಂದ್ಕೊಂಡು ಅರ್ಧವಾರ್ಷಿಕ ಪರೀಕ್ಷೆ ಪೇಪರ್ ತಿದ್ದೋದರಲ್ಲಿ ತಡ ಆಯ್ತು. ಎಂಡೋಕ್ರೈನ್ ಡಾಕ್ಟ್ರು ಕುತ್ತಿಗೆ ಮುಟ್ಟಿದ ತಕ್ಷಣ ನೋವಿಗೆ ನಾನು ಕುರ್ಚಿಯಿಂದ ಎದ್ದೇಬಿಟ್ಟೆ, ಜುಲೈಯಲ್ಲಿ ಜ್ವರ ಬಂದಿತ್ತಾ ಅಂತ ಅವರೇ ಕೇಳಿದ್ರು. ಟೆಕ್ನೀಷಿಯಂ ಸ್ಕ್ಯಾನಲ್ಲಿ ಗ್ರಂಥಿ ಕಾಣಲೇ ಇಲ್ಲ, ಸರ್ ಹೇಳಿದ ಹಾಗೇ. ಕಾರ್ಬಿಮಾಜೋಲ್ ಅವತ್ತೇ ನಿಲ್ಲಿಸಿದ್ರು. ಮೊದಲು ಬರೀ ನೋವಿನ ಮಾತ್ರೆ ಕೊಟ್ರು, ಒಂದು ವಾರ ನೋಡಿ ಆಗದೆ ಸ್ಟೀರಾಯ್ಡ್ ಶುರು ಮಾಡಿದ್ರು. ಎರಡನೇ ದಿನ ಬೆಳಿಗ್ಗೆ ಕಾಫಿ ನುಂಗಿದೆ, ನೋವಿಲ್ಲ. ಇನ್ನೊಂದು ಗುಟುಕು ನುಂಗಿ ನೋಡಿದೆ, ಆಗಲೂ ಇಲ್ಲ. ಅಡುಗೆಮನೇಲಿ ನಿಂತ್ಕೊಂಡು ಅತ್ತೆನ ಕೂಗಿದೆ. ಧಾರವಾಡದ ಅಣ್ಣನ ಮಾತು ನೆನಪಿಟ್ಟು ಮಾತ್ರೆ ಮಧ್ಯೆ ಬಿಡಲಿಲ್ಲ, ಮಗನ ಪೆನ್ಸಿಲಲ್ಲಿ ಕ್ಯಾಲೆಂಡರ್ ಮೇಲೆ ಗುರುತು ಹಾಕ್ಕೊಂಡು ಇಳಿಸಿದೆ.

ಈಗ ಇಎಸ್‌ಆರ್ 16. ಸ್ಕ್ಯಾನಿಂಗ್ ಮತ್ತೆ ಆಯ್ತು, 2.1 ಸೆಂಟಿಮೀಟರ್ ಇದ್ದಿದ್ದು 6 ಮಿಲಿಮೀಟರಿಗೆ ಇಳಿದಿದೆ, ಸದ್ಯಕ್ಕೆ ಸೂಜಿ ಬೇಡ, ಫೆಬ್ರವರಿಯಲ್ಲಿ ಮತ್ತೆ ನೋಡೋಣ ಅಂದ್ರು. ಆದ್ರೆ ಟಿಎಸ್‌ಎಚ್ ಈಗ 9.4 ಆಗಿದೆ, ಉಲ್ಟಾ. ಜೀವನಪೂರ್ತಿ ಮಾತ್ರೆ ಬೇಕಾಗುತ್ತಾ? ನಿಮ್ಮ ಮನೆಯವರಿಗೆ ಏನಾಯ್ತು ಅಣ್ಣ?

ಪೋಷಕರ ಸಭೆಯಲ್ಲಿ ಎಚ್‌ಪಿವಿ ಲಸಿಕೆ ವಿಷಯ ಮಾತಾಡಿದೆ ಸರ್. ಹದಿನೇಳು ತಾಯಂದಿರು ಬಂದಿದ್ರು, ನಾಲ್ಕು ಜನ ಸಭೆ ಮುಗಿದ ಮೇಲೆ ಸ್ಟಾಫ್‌ರೂಮಿಗೆ ಬಂದು ಎಲ್ಲಿ ಹಾಕ್ತಾರೆ, ಎಷ್ಟಾಗುತ್ತೆ ಅಂತ ಕೇಳಿದ್ರು. ನಮ್ಮ ನಾದಿನಿ ಮಗಳಿಗೆ ಮೊದಲನೇ ಡೋಸ್ ಆಯ್ತು.

ಧಾರವಾಡದಾಂವ

ಅಕ್ಕಾರ, ಓದಿ ಭಾಳ ಖುಷಿ ಆತು, ಮನಿಯಾಕಿಗೂ ಓದಿ ಹೇಳಿದೆ. ಆಕಿಗೂ ಟಿಎಸ್‌ಎಚ್ 12 ಮಟಾ ಹೋಗಿತ್ತು, ಐದು ತಿಂಗಳಿಗೆ ತಾನ ಇಳದು 3ಕ್ಕ ಬಂತು, ಮಾತ್ರಿ ಏನೂ ಬೇಕಾಗಲಿಲ್ಲ.

ಡಬ್ಲಿನ್ ನರ್ಸ್

ಹೌದಕ್ಕ, ಕಣಜ ಖಾಲಿ ಆದ್ಮೇಲೆ ಗ್ರಂಥಿ ಮತ್ತೆ ತುಂಬಿಸ್ಕೊಳ್ಳೋವರೆಗೆ ಹಾಗೆ ಏರುತ್ತೆ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ಸರಿ ಹೋಗುತ್ತೆ, ನೂರರಲ್ಲಿ ಐದರಿಂದ ಹದಿನೈದು ಜನಕ್ಕೆ ಮಾತ್ರೆ ಕಾಯಂ ಬೇಕಾಗುತ್ತೆ. ಆರೆಂಟು ವಾರಕ್ಕೊಮ್ಮೆ ರಕ್ತ ನೋಡಿಸ್ತಾ ಇರಿ. ಸುಸ್ತು, ಚಳಿ ತಡೆಯೋಕಾಗದೆ ಇರೋದು ಜಾಸ್ತಿ ಆದ್ರೆ ಕಾಯಬೇಡಿ.

ಹಾಸನದ ಟೀಚರ್

ಸರಿ ಅಮ್ಮ. ಸಂಜೆ ಹೊತ್ತಿಗೆ ಸುಸ್ತಿದೆ, ಆದ್ರೆ ಹಾಜರಿ ಈಗ ನಾನೇ ಕೂಗ್ತೀನಿ. ಫೆಬ್ರವರಿ ಸ್ಕ್ಯಾನಿಂಗ್ ರಿಪೋರ್ಟ್ ಬಂದ ದಿನ ಇಲ್ಲೇ ಹಾಕ್ತೀನಿ.